ಟೀವಿಯ ಸದ್ದು ಕಡಿಮೆ ಎಂದು ಬಂದ ಫೋನು

ಆಫೀಸಿನಲ್ಲಿ ಅವಳಿಗೆ ತಣ್ಣೀರು ಅಂತ ಹೆಸರು ಬಿದ್ದಿತ್ತು. ಹಂಗಿಸಲು ಇಟ್ಟ ಹೆಸರೇನಲ್ಲ, ಅಲ್ಲಿ ಎಲ್ಲರಿಗೂ ಒಂದೊಂದು ಹೆಸರಿತ್ತು. ಸದಾ ಕೆಮ್ಮುವವನು ಸೈಲೆನ್ಸರ್. ಬಂದು ಕೂತ ಕೂಡಲೇ ಊಟದ ಡಬ್ಬಿಯ ಮುಚ್ಚಳ ತೆಗೆದು ಮೂಸುವವಳು ಹಸಿವಕ್ಕ. ಇವರನ್ನೆಲ್ಲ ಕಾಯುವ ಟೀಮ್ ಲೀಡರ್‌ಗೆ ಮಾತ್ರ ಹೆಸರಿಡುವ ಧೈರ್ಯ ಯಾರಿಗೂ ಬಂದಿರಲಿಲ್ಲ. ಅವನು ಬರೀ ಲೀಡರ್.

ಅದು ದೂರು ಕೇಳುವ ಆಫೀಸು. ಉದ್ದನೆಯ ಹಾಲ್, ಎದೆಮಟ್ಟದ ತಡಿಕೆಗಳ ನಡುವೆ ಸಾಲು ಸಾಲು ಮೇಜು, ಮೇಜಿಗೊಂದು ಕಂಪ್ಯೂಟರ್, ತಲೆಗೊಂದು ಹೆಡ್‌ಫೋನ್. ಕಿಟಕಿಗಳಿದ್ದರೂ ತೆರೆಯುವಂತಿರಲಿಲ್ಲ. ಫ್ರಿಜ್ಜು, ಗೀಸರು, ಬಟ್ಟೆ ಒಗೆಯುವ ಮೆಷೀನು, ಟೀವಿ, ಹೀಗೆ ಯಾರ್ಯಾರದೋ ಕಂಪನಿಗಳ ಪರವಾಗಿ ಇಲ್ಲಿ ಕೂತವರೇ ಬೈಸಿಕೊಳ್ಳುತ್ತಿದ್ದರು. ಇವತ್ತು ಗೀಸರಿನ ಸಾಲಿನಲ್ಲಿ ಕೂತವರು ಮುಂದಿನ ತಿಂಗಳು ಫ್ರಿಜ್ಜಿನ ಸಾಲಿಗೆ. ಯಂತ್ರ ಬದಲಾಗುತ್ತಿತ್ತು, ಬೈಗುಳ ಬದಲಾಗುತ್ತಿರಲಿಲ್ಲ.

ಫೋನ್ ಮಾಡುವವರು ಮೊದಲೇ ಕಾದ ಕಬ್ಬಿಣ. ಅಷ್ಟು ಹೊತ್ತು ಕಾಯಿಸಿ, ಒಂದನ್ನು ಒತ್ತಿ ಎರಡನ್ನು ಒತ್ತಿ ಅಂತ ಕುಣಿಸಿ, ಕೊನೆಗೆ ಒಬ್ಬ ಮನುಷ್ಯನ ದನಿ ಕೇಳಿದರೆ ಯಾರು ತಾನೆ ಬಿಡುತ್ತಾರೆ? ಹಸಿವಕ್ಕ ಒಂದು ದಿನದಲ್ಲಿ ಒಬ್ಬರ ಹತ್ತಿರವಾದರೂ ಜಗಳವಾಡಿ ಲೀಡರ್ ಮುಂದೆ ಹೋಗಿ ನಿಲ್ಲುತ್ತಿದ್ದಳು. ಆದರೆ ಇವಳ ಕಿವಿಗೆ ಏನು ಸುರಿದರೂ ಎಮ್ಮೆಯ ಮೇಲೆ ಮಳೆ ಹೊಯ್ದ ಹಾಗೆ. ಎಲ್ಲ ಸುರಿದು ಮುಗಿದ ಮೇಲೆ ಅದೇ ದನಿಯಲ್ಲಿ, “ಅರ್ಥ ಆಯ್ತು ಸರ್. ಈಗ ಟೀವಿ ಮುಂದೆ ಇದೀರಾ?” ಅನ್ನುತ್ತಿದ್ದಳು. ಆಚೆಯವರಿಗೆ ಬೈಯುವುದಕ್ಕೆ ಹಿಡಿಯೇ ಸಿಗುತ್ತಿರಲಿಲ್ಲ. ಹೊಸದಾಗಿ ಸೇರಿದವರಿಗೆ ಹಸಿವಕ್ಕ ಹೇಳಿಕೊಡುತ್ತಿದ್ದಳು: “ತಣ್ಣೀರನ್ನೂ ತಣಿಸಿ ಕುಡಿ ಅಂತಾರಲ್ಲ, ಅದನ್ನ ಕಲೀಬೇಕಾದ್ರೆ ಇವಳ ಪಕ್ಕ ಕೂತ್ಕೊಳ್ಳಿ.”

ಹೊಸಬರಿಗೆ ಗೊತ್ತಿರಲಿಲ್ಲ, ಇವಳು ಮೊದಲು ಹೀಗಿರಲಿಲ್ಲ. ಊಟದ ಹೊತ್ತಿನಲ್ಲಿ ಗಿರಾಕಿಗಳ ದನಿಯನ್ನು ಅನುಕರಿಸಿ ಇಡೀ ಕ್ಯಾಂಟೀನನ್ನೇ ನಗಿಸುತ್ತಿದ್ದವಳು. ಮನೆಗೆ ಹೋದರೆ ಅಲ್ಲೂ ಅದೇ ನಾಟಕ. ನಗುವುದಕ್ಕೆ ಗಂಡ ಇದ್ದ. ಅವನು ಲಿಫ್ಟ್ ರಿಪೇರಿಯವನು. “ನೀನು ಕೂತಲ್ಲೇ ರಿಪೇರಿ ಮಾಡ್ತೀಯ, ನಾನು ಮೇಲೆ ಕೆಳಗೆ ಓಡಾಡಿ ಮಾಡ್ತೀನಿ. ಸಂಬಳ ಮಾತ್ರ ಇಬ್ಬರದೂ ನೆಲಮಹಡೀಲೇ ಇದೆ,” ಅನ್ನುತ್ತಿದ್ದ. ಹಿಂದಿನ ವರ್ಷ ಒಂದು ಮಧ್ಯಾಹ್ನ, ಯಾವುದೋ ಕಟ್ಟಡದಲ್ಲಿ ಕೆಲಸ ಮುಗಿಸಿ, ಸುಸ್ತು ಅಂತ ಮೆಟ್ಟಿಲ ಮೇಲೆ ಕೂತ. ನೀರು ತರಿಸಿ ಕುಡಿದ. ಗೋಡೆಗೆ ತಲೆಯಾನಿಸಿದವನು ಮತ್ತೆ ಏಳಲಿಲ್ಲ.

ಅವಳು ಅತ್ತಿರಲಿಲ್ಲ. ಅವತ್ತೂ ಇಲ್ಲ, ಆಮೇಲೂ ಇಲ್ಲ. ನೆಂಟರು ಹೆದರಿದರು. ಅತ್ತುಬಿಡು, ಎದೆ ಹಗುರಾಗುತ್ತೆ ಅಂದರು. ಅವಳಿಗೆ ಎದೆ ಭಾರ ಅಂತಲೂ ಅನ್ನಿಸುತ್ತಿರಲಿಲ್ಲ. ಹಲ್ಲು ಕೀಳಿಸಿಕೊಂಡು ಬಂದ ಮೇಲೆ ಕೆನ್ನೆಯನ್ನು ಮುಟ್ಟಿದರೆ ಅದು ಬೇರೆ ಯಾರದೋ ಕೆನ್ನೆ ಅನ್ನಿಸುತ್ತದಲ್ಲ, ಹಾಗೆ. ಔಷಧಿ ಇಳಿದ ಮೇಲೆ ನೋವು ಬರುತ್ತದೆ ಅಂತ ಕಾದಳು. ಬರಲಿಲ್ಲ. ರಜೆ ಮುಗಿಯಿತು. ಮತ್ತೆ ಬಂದು ಹೆಡ್‌ಫೋನ್ ಹಾಕಿಕೊಂಡು ಕೂತಳು.

ಮನೆಯಲ್ಲಿ ಉಳಿದವರು ಅವಳು ಮತ್ತು ಅವಳ ಅತ್ತೆ, ಅವನ ತಾಯಿ. ಎರಡನೇ ಮಹಡಿಯ ಪುಟ್ಟ ಮನೆ. ಹಾಲಿನಲ್ಲಿ ಒಂದು ಸೋಫಾ, ಗೋಡೆಗೆ ಟೀವಿ, ಅದರ ಕೆಳಗೆ ಚಪ್ಪಲಿ ಸ್ಟ್ಯಾಂಡಿಗಿಂತ ತುಸು ದೊಡ್ಡದಾದ ಮೇಜು. ಅಡುಗೆಮನೆಯ ಕಿಟಕಿ ತೆರೆದರೆ ಎದುರು ಕಟ್ಟಡದ ಮೆಟ್ಟಿಲುಗಳು ಕಾಣುತ್ತಿದ್ದವು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರೆ. ಇವರಿಬ್ಬರ ನಡುವೆ ಯಾರ ಕಾಲವೂ ನಡೆಯುತ್ತಿರಲಿಲ್ಲ. ಜಗಳವಿರಲಿಲ್ಲ, ಮುನಿಸಿರಲಿಲ್ಲ. ಬಂದ್ಯಾ, ಬಂದೆ. ಊಟ? ಆಯ್ತು. ಗ್ಯಾಸ್ ಮುಗೀತು, ಬುಕ್ ಮಾಡ್ತೀನಿ. ಮಾತು ಬೆಳ್ಳಿ ಮೌನ ಬಂಗಾರ ಅನ್ನುವುದೇ ನಿಜವಾದರೆ ಆ ಮನೆಯಲ್ಲಿ ಕಾಲಿಡಲು ಜಾಗವಿರದಷ್ಟು ಬಂಗಾರ ತುಂಬಿತ್ತು.

ಅತ್ತೆಗೆ ಇವಳ ಕೆಲಸ ಏನೆಂದು ಸರಿಯಾಗಿ ಗೊತ್ತಿರಲಿಲ್ಲ. ಕೇಳಿದವರಿಗೆಲ್ಲ “ಫೋನ್ ಆಫೀಸಲ್ಲಿದಾಳೆ” ಅನ್ನುತ್ತಿದ್ದರು. ಅದು ಪೂರ್ತಿ ತಪ್ಪೂ ಅಲ್ಲ.

ಇವಳನ್ನು ಟೀವಿಯ ಸಾಲಿಗೆ ಹಾಕಿದ ಮೇಲೆ ಒಂದು ದಿನ, ಊಟದ ಹೊತ್ತು ಮುಗಿದು ಎಲ್ಲರೂ ಬಂದು ಕೂತಾಗ, ಫೋನು ಬಂತು. ಫೋನ್ ಬಂದರೆ ಕಂಪ್ಯೂಟರಿನಲ್ಲಿ ಆ ನಂಬರು ಕಾಣುತ್ತದೆ. ಹಿಂದೆ ಆ ನಂಬರು ಕೊಟ್ಟು ಟೀವಿ ಕೊಂಡಿದ್ದರೆ ಆಗ ಬರೆಸಿದ ಹೆಸರು, ವಿಳಾಸ ಎಲ್ಲ ತಾವಾಗಿಯೇ ತೆರೆದುಕೊಳ್ಳುತ್ತವೆ. ಇವಳ ಬಾಯಿ ರೂಢಿಯ ಹಾಗೆ ನಮಸ್ಕಾರ ಹೇಳಿತು, ಆಫೀಸಿನವರು ಇಟ್ಟುಕೊಟ್ಟಿದ್ದ ಸುಳ್ಳು ಹೆಸರನ್ನು ಹೇಳಿತು, ಏನು ತೊಂದರೆ ಅಂತ ಕೇಳಿತು. ಅಷ್ಟರಲ್ಲಿ ಕಣ್ಣು ಪರದೆಯ ಮೇಲೆ ಬಿತ್ತು. ಅಲ್ಲಿ ಅವಳ ಗಂಡನ ಹೆಸರಿತ್ತು. ಕೆಳಗೆ ಅವಳದೇ ಮನೆಯ ವಿಳಾಸ.

“ಟೀವಿ ಕಂಪನಿನಾ?” ಅಂದಿತು ಅತ್ತೆಯ ದನಿ. “ನಮ್ಮ ಟೀವೀಲಿ ಸೌಂಡೇ ಬರಲ್ಲ ಕಣಮ್ಮ. ಬರುತ್ತೆ, ಪಕ್ಕದ ಮನೇಲಿ ಯಾರೋ ಪಿಸುಗುಟ್ಟಿದ ಹಾಗೆ ಬರುತ್ತೆ.”

ಅತ್ತೆ, ನಾನು, ಅಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅನ್ನಲಿಲ್ಲ. ಸ್ವಂತದ ಮಾತು ಆಡಬಾರದು, ಎಲ್ಲ ಕರೆಗಳೂ ರೆಕಾರ್ಡ್ ಆಗುತ್ತವೆ ಅಂತ ಆಫೀಸಿನಲ್ಲಿ ನಿಯಮವಿತ್ತು. ಆದರೆ ಅವಳನ್ನು ತಡೆದದ್ದು ನಿಯಮವಲ್ಲ. ಅವಳ ಒಳಗಿನದು ಯಾವುದೂ ಅಷ್ಟು ಬೇಗ ಏಳುತ್ತಿರಲಿಲ್ಲ. ಬಾಯಿ ಮಾತ್ರ ಮುಂದಿನ ಪ್ರಶ್ನೆಗೆ ಹೋಗಿಯಾಗಿತ್ತು.

“ಟೀವಿ ಯಾರ ಹೆಸರಲ್ಲಿ ತಗೊಂಡಿದ್ರಿ ಮೇಡಂ?”

“ನನ್ನ ಮಗನ ಹೆಸರಲ್ಲಿ.” ಅತ್ತೆ ಮಗನ ಹೆಸರು ಹೇಳಿದರು. ತಪ್ಪಾಗಿ ಬರೆದುಕೊಂಡಾರು ಅಂತ ಒಂದೊಂದೇ ಅಕ್ಷರ ಬಿಡಿಸಿ ಇನ್ನೊಂದು ಸಲ ಹೇಳಿದರು.

“ಅವರ ಹತ್ರ ಮಾತಾಡಬಹುದಾ?” ಅದೂ ಕೇಳಲೇಬೇಕಾದ ಪ್ರಶ್ನೆ. ನಾಲಿಗೆ ಕಚ್ಚಿಕೊಳ್ಳುವ ಮೊದಲೇ ಹೊರಗೆ ಬಿದ್ದಿತ್ತು.

“ಅವನಿಲ್ಲಮ್ಮ. ತೀರಿಕೊಂಡ.”

ಇಂಥ ಉತ್ತರ ಬಂದರೆ ಏನು ಹೇಳಬೇಕು ಅಂತಲೂ ಆಫೀಸಿನವರು ಕಲಿಸಿದ್ದರು. “ಕೇಳಿ ತುಂಬ ಬೇಸರ ಆಯ್ತು ಮೇಡಂ,” ಅಂದಳು.

ಅಂದ ಮೇಲೆ ಹೊಳೆಯಿತು, ಆ ಸಾವಿನ ಬಗ್ಗೆ ಅತ್ತೆಗೆ ಅವಳು ಒಂದು ಮಾತು ಅಂದದ್ದು ಇದೇ ಮೊದಲು.

“ಇರಲಿ ಬಿಡು ತಾಯಿ,” ಅಂದರು ಅತ್ತೆ. “ನೀನೇನು ಮಾಡ್ತೀಯ. ಅವನಿದ್ದಿದ್ರೆ ನಿಮಗೆಲ್ಲ ಫೋನ್ ಮಾಡೋ ಪ್ರಮೇಯ ಇರಲಿಲ್ಲ. ಟೀವಿ ಹಿಂದಕ್ಕೊಂದು ಸಲ ಕೈ ಹಾಕಿ ಸರಿ ಮಾಡಿಬಿಡ್ತಿದ್ದ.”

“ಮನೇಲಿ ಬೇರೆ ಯಾರಾದ್ರೂ ಇದಾರಾ ಮೇಡಂ, ಟೀವಿ ಹಿಂದೆ ಸ್ವಲ್ಪ ನೋಡೋಕೆ?”

“ಸೊಸೆ ಇದಾಳೆ. ಆಫೀಸಿಗೆ ಹೋಗಿದಾಳೆ.”

“ಅವರು ಬಂದ ಮೇಲೆ ಫೋನ್ ಮಾಡಿದ್ರೂ ಆಗುತ್ತೆ.”

“ಬೇಡ ಬೇಡ. ಅವಳಿಗೆ ಹೇಳಿಲ್ಲ ನಾನು.” ಅತ್ತೆಯ ದನಿ ತಗ್ಗಿತು. ಯಾರೋ ಗೊತ್ತಿಲ್ಲದವಳ ಹತ್ತಿರ ಹೇಳಬಹುದೋ ಬಾರದೋ ಅಂತ ತೂಗಿದ ಹಾಗಿತ್ತು. “ಅವಳು ಬರೋ ಹೊತ್ತಿಗೆ ಮುಖ ನೋಡೋ ಹಾಗಿರಲ್ಲ. ಇಡೀ ದಿನ ಯಾರ್ಯಾರ ಮಾತೋ ಕೇಳಿ ಬಂದಿರ್ತಾಳೆ. ಮನೇಲಿ ಸದ್ದಿಲ್ಲದಿದ್ರೆ ಅವಳಿಗೆ ನೆಮ್ಮದಿಯೇನೋ ಅಂದ್ಕೊಂಡೆ. ಅದಕ್ಕೇ ಇಷ್ಟು ದಿನ ಸುಮ್ಮನಿದ್ದೆ. ಮೊದಲು ನನ್ನ ಕಿವೀನೇ ಮಂದ ಆಯ್ತು ಅಂತಿದ್ದೆ ನೋಡು. ಮೊನ್ನೆ ಕೆಳಗಿನ ಮನೆಯವಳು ಬಂದು, ಇದೇನು ನೀವು ಟೀವಿ ನೋಡ್ತೀರೋ ಬರೀ ಬಾಯಿ ಆಡೋದು ನೋಡ್ತೀರೋ ಅಂದ್ಲು. ಆಗ ಗೊತ್ತಾಯ್ತು ನನ್ನ ಕಿವಿ ಸರಿ ಇದೆ ಅಂತ.”

“ಎಷ್ಟು ದಿನದಿಂದ ಹೀಗಿದೆ ಮೇಡಂ?”

“ಅವನು ಹೋದಾಗಿಂದ.”

ಪಕ್ಕದಲ್ಲಿ ಹಸಿವಕ್ಕ ಯಾರಿಗೋ ಪ್ಲಗ್ ತೆಗೆದು ಮತ್ತೆ ಹಾಕಲು ಹೇಳುತ್ತಿದ್ದಳು. ಇವಳು ಹೆಡ್‌ಫೋನಿನ ಮೈಕನ್ನು ಬಾಯಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡಳು. ಟೀವಿಯ ಸದ್ದು ಕಡಿಮೆಯಾದರೆ ಏನೇನು ನೋಡಬೇಕು ಅನ್ನುವುದು ಅವಳಿಗೆ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬರುತ್ತಿತ್ತು. ಅದನ್ನೇ ಹಿಡಿದುಕೊಂಡು ಹೊರಟಳು.

“ಮೊದಲು ಟೀವಿ ರಿಮೋಟಲ್ಲಿ ಸೌಂಡ್ ಜಾಸ್ತಿ ಮಾಡಿ. ಪರದೆ ಮೇಲೆ ಎಷ್ಟು ಬರುತ್ತೆ ಹೇಳಿ.”

“ನೂರು ಅಂತಿದೆ. ಅದರ ಮೇಲೆ ಹೋಗಲ್ಲ.”

“ಟೀವಿ ಕೆಳಗಡೆ ಅಂಚಲ್ಲಿ ಸಣ್ಣ ಸಣ್ಣ ತೂತುಗಳಿರುತ್ತೆ. ಸೌಂಡ್ ಅಲ್ಲಿಂದ ಬರೋದು. ಅದಕ್ಕೆ ಏನಾದ್ರೂ ಅಡ್ಡ ಇದೆಯಾ? ಬಟ್ಟೆ, ಡಬ್ಬಿ?”

“ಏನಿಲ್ಲ. ದಿನಾ ಒರೆಸ್ತೀನಲ್ಲ.”

ಒರೆಸುತ್ತಿದ್ದರು, ಅದು ಅವಳಿಗೂ ಗೊತ್ತಿತ್ತು. ಹಳೆಯ ಬನಿಯನ್ನಿನ ತುಂಡಿನಿಂದ.

“ಹಿಂದುಗಡೆ ಬಲಗಡೆಗೆ ಇಯರ್‌ಫೋನ್ ಚುಚ್ಚೋ ಒಂದು ದುಂಡಗಿನ ತೂತಿದೆ. ಅದರಲ್ಲಿ ಏನಾದ್ರೂ ಸಿಕ್ಕಿಕೊಂಡಿದ್ರೂ ಸೌಂಡ್ ಹೋಗುತ್ತೆ. ಸ್ಟೂಲ್ ಹತ್ತಬೇಡಿ, ಕೆಳಗಿಂದಾನೇ ಬೆರಳಾಡಿಸಿ ನೋಡಿ.”

ಅತ್ತೆ ಏದುಸಿರು ಬಿಡುವುದು ಕೇಳಿಸಿತು. ಮೇಜು ಸರಿದ ಸದ್ದು. “ಬರೀ ಧೂಳು,” ಅಂದರು. “ಸ್ಟೂಲ್ ಹತ್ತಬೇಡ ಅಂತ ನೀನು ಹೇಳಿದ್ದು ಒಳ್ಳೇದಾಯ್ತು. ಹತ್ತೋದರಲ್ಲಿದ್ದೆ.”

ಆಮೇಲೆ ಮೆನು, ಮೆನುವಿನೊಳಗೆ ಸೌಂಡ್, ಅದರೊಳಗೆ ಇನ್ನೊಂದು. ಅತ್ತೆ ಕನ್ನಡಕ ಹುಡುಕಿ ತಂದರು. ಕೆಳಗಿನ ಬಾಣ ಒತ್ತಿ ಅಂದರೆ ಬಲಗಡೆಯದು ಒತ್ತಿದರು. ಒಂದು ಸಲ ಇಡೀ ಟೀವಿಯನ್ನೇ ಆರಿಸಿ, “ಅಯ್ಯೋ, ಕತ್ತಲಾಯ್ತು,” ಅಂದರು. ಬೇರೆಯವರಾಗಿದ್ದರೆ ಮೆಕ್ಯಾನಿಕ್ ಕಳಿಸುತ್ತೇನೆ ಅಂತ ಬರೆದುಕೊಂಡು ಮುಗಿಸುತ್ತಿದ್ದರು. ಇವಳು ಮುಗಿಸಲಿಲ್ಲ. ಅತ್ತೆ ಇಷ್ಟು ಮಾತಾಡಿದ್ದನ್ನು ಅವಳು ಎಂದು ಕೇಳಿದ್ದಳೋ ನೆನಪಾಗಲಿಲ್ಲ.

ಅಲ್ಲೆಲ್ಲ ಏನೂ ತಪ್ಪಿರಲಿಲ್ಲ. ಉಳಿದದ್ದು ಒಂದೇ.

“ಮೇಡಂ, ಚಾನೆಲ್ ಬದಲಾಯಿಸೋಕೆ ಇನ್ನೊಂದು ರಿಮೋಟ್ ಇದೆಯಲ್ಲ, ಸೆಟ್‌ಟಾಪ್ ಬಾಕ್ಸಿಂದು. ಅದರಲ್ಲೂ ಒಂದು ಸೌಂಡ್ ಇರುತ್ತೆ. ಅದೇ ಕಡಿಮೆ ಆಗಿದ್ರೆ ಟೀವೀಲಿ ಎಷ್ಟು ಏರಿಸಿದ್ರೂ ಅಷ್ಟೇ. ತೊಟ್ಟೀಲೇ ನೀರಿಲ್ಲದೆ ನಲ್ಲಿ ತಿರುಗಿಸಿದ ಹಾಗೆ.”

“ಉದ್ದದ್ದರಲ್ಲಾ? ಅದರಲ್ಲಿ ಸೌಂಡ್ ಮುಟ್ಟಲ್ಲಮ್ಮ ನಾವು. ಚಾನೆಲ್‌ಗೆ ಉದ್ದದ್ದು, ಸೌಂಡಿಗೆ ಗಿಡ್ಡದ್ದು, ಅದಲು ಬದಲು ಮಾಡಬೇಡಮ್ಮ ಅಂತ ಅವನು ಹೇಳಿಕೊಟ್ಟಿದ್ದ. ನಾನು ಒಂದು ದಿನಕ್ಕೂ ಮಾಡಿಲ್ಲ.”

ಅವಳ ಕೈ ಕೀಬೋರ್ಡಿನ ಮೇಲೆ ನಿಂತಿತು.

ಅತ್ತೆ ಮಾಡಿರಲಿಲ್ಲ. ಮಾಡಿದ್ದು ಅವಳು. ಹಿಂದಿನ ವರ್ಷದ ಆ ಮಧ್ಯಾಹ್ನ ಅವಳಿಗೆ ವಾರದ ರಜೆ. ಅತ್ತೆ ಸೋಫಾದ ಮೇಲೆ ಟೀವಿ ನೋಡುತ್ತ ಕೂತಿದ್ದರು, ಅವಳು ಬಟ್ಟೆ ಮಡಿಸುತ್ತಿದ್ದಳು. ಬಾಗಿಲಲ್ಲಿ ಗಂಡನ ಜೊತೆ ಕೆಲಸ ಮಾಡುವ ಇಬ್ಬರು ಬಂದು ನಿಂತರು. ಕೈಯಲ್ಲಿ ಅವನ ಬ್ಯಾಗಿತ್ತು. ಅವರಲ್ಲಿ ಒಬ್ಬನ ಬಾಯಿ ಆಡುತ್ತಿತ್ತು, ಟೀವಿಯ ಗದ್ದಲದಲ್ಲಿ ಏನೂ ಕೇಳಿಸುತ್ತಿರಲಿಲ್ಲ. ಕೈಗೆ ಸಿಕ್ಕ ರಿಮೋಟ್ ತೆಗೆದುಕೊಂಡು ಸದ್ದು ಇಳಿಸಿದಳು. ಇಳಿಸುತ್ತಲೇ ಹೋದಳು. ಮನೆ ಪೂರ್ತಿ ಶಾಂತವಾದ ಮೇಲೆ, “ಏನಂದ್ರಿ?” ಅಂತ ಕೇಳಿದಳು. ಅವನು ಇನ್ನೊಂದು ಸಲ ಹೇಳಿದ. ಕೈಯಲ್ಲಿದ್ದದ್ದು ಉದ್ದದ್ದೋ ಗಿಡ್ಡದ್ದೋ ಯಾರು ನೋಡಿದ್ದರು?

“ಹಲೋ? ಇದೀಯಾ ತಾಯಿ?”

“ಇದೀನಿ,” ಅಂದಳು. “ಉದ್ದದ್ದರಲ್ಲಿ ಪ್ಲಸ್ ಗುರುತಿದೆಯಲ್ಲ, ಅದನ್ನ ಒತ್ತಿ ಹಿಡೀರಿ.”

ಅದಕ್ಕೆ ಮೊದಲು ಟೀವಿಯ ಸದ್ದನ್ನು ಇಳಿಸಲು ಹೇಳಬೇಕು. ನೂರರಲ್ಲಿಟ್ಟುಕೊಂಡು ಬಾಕ್ಸಿನದನ್ನೂ ಏರಿಸಿದರೆ ಏನಾಗುತ್ತದೆ ಅಂತ ನಿನ್ನೆ ಸೇರಿದವರಿಗೂ ಗೊತ್ತು. ಇವಳು ಆ ಮಾತೊಂದನ್ನು ಎಂದೂ ತಪ್ಪಿಸಿದವಳಲ್ಲ. ಅವತ್ತು ತಪ್ಪಿತು. ಮರುಗಳಿಗೆಯಲ್ಲಿ ಯಾವುದೋ ಸಾಬೂನಿನ ಜಾಹೀರಾತು ಹುಚ್ಚೆದ್ದು ಅವಳ ಕಿವಿಯೊಳಗೆ ನುಗ್ಗಿತು. ಹೆಡ್‌ಫೋನ್ ಕಿತ್ತು ಮೇಜಿನ ಮೇಲೆ ಹಾಕಿದಳು. ಅದು ಅಲ್ಲಿಂದಲೇ ಹಾಡುತ್ತಿತ್ತು. ಸೈಲೆನ್ಸರ್ ಆಚೆ ಸಾಲಿನಿಂದ ಎದ್ದು ನಿಂತು ನೋಡಿದ. ಅವಳು ಅದನ್ನು ಮತ್ತೆ ಹಾಕಿಕೊಂಡು, “ಗಿಡ್ಡದ್ದು, ಗಿಡ್ಡದ್ದರಲ್ಲಿ ಇಳಿಸಿ,” ಅಂತ ಮೂರು ನಾಲ್ಕು ಸಲ ಕೂಗಿದಳು. ಅವಳು ಕೂಗಿದ್ದನ್ನು ಹಸಿವಕ್ಕ ಬಾಯಿ ತೆರೆದುಕೊಂಡು ನೋಡಿದಳು.

ಸದ್ದು ಇಳಿಯಿತು. ಆಚೆಯಿಂದ ಅತ್ತೆ ನಗುತ್ತಿದ್ದರು. ಉಸಿರು ಸಿಕ್ಕಿ ಸಿಕ್ಕಿ ನಗುತ್ತಿದ್ದರು. “ನನ್ನ ಜೀವ ಬಾಯಿಗೆ ಬಂತು ಕಣೇ. ಕೆಳಗಿನವಳು ಓಡಿ ಬರ್ತಾಳೆ ನೋಡು ಈಗ.”

“ಕ್ಷಮಿಸಿ ಮೇಡಂ. ಮೊದಲೇ ಹೇಳಬೇಕಿತ್ತು.”

“ಕ್ಷಮೆ ಯಾಕೆ, ಸರಿ ಹೋಯ್ತಲ್ಲ. ನಿನ್ನ ಊಟ ಆಯ್ತಾ?”

“ಆಯ್ತು.”

“ಹೊತ್ತಿಗೆ ಸರಿಯಾಗಿ ತಿನ್ನು. ನಮ್ಮವಳು ತಿನ್ನಲ್ಲ. ಆಯ್ತು ಅಂತಾಳೆ, ಡಬ್ಬಿ ತೆಗೆದ್ರೆ ಹಾಕಿದ್ದು ಹಾಕಿದ ಹಾಗೇ ಇರುತ್ತೆ.”

ಇನ್ನೇನಾದರೂ ತೊಂದರೆ ಇದೆಯಾ ಅಂತ ಕೇಳಬೇಕಿತ್ತು, ಕೇಳಿದಳು. ಏನಿಲ್ಲ ಅಂದರು. ಕರೆ ಮುಗಿಯಿತು. ಮುಂದಿನದು ಆಗಲೇ ಕಾಯುತ್ತಿತ್ತು. ಯಾರದೋ ಟೀವಿಯಲ್ಲಿ ಎಲ್ಲರ ಮುಖವೂ ಹಸಿರಾಗಿತ್ತು. ಅರ್ಥ ಆಯ್ತು ಸರ್, ಅಂದಳು.

ಸಂಜೆ ಮೆಟ್ಟಿಲು ಹತ್ತುವಾಗಲೇ ಮನೆಯ ಟೀವಿ ಕೇಳಿಸಿತು. ಹದವಾದ ಸದ್ದು. ಬಾಗಿಲು ತೆರೆದ ಅತ್ತೆ, “ಟೀವಿ ಸರಿಹೋಯ್ತು,” ಅಂದರು. “ಕಂಪನಿಗೆ ಫೋನ್ ಮಾಡಿದ್ದೆ. ಒಬ್ಬಳು ಹುಡುಗಿ ಹೇಳಿಕೊಟ್ಲು. ಪಾಪ, ಒಳ್ಳೇ ಹುಡುಗಿ. ಒಂದು ಚೂರೂ ರೇಗಲಿಲ್ಲ.”

“ಹೌದಾ,” ಅಂದು ಅವಳು ಚಪ್ಪಲಿ ಬಿಟ್ಟು ಒಳಗೆ ಹೋದಳು. ಅಡುಗೆಮನೆಯಲ್ಲಿ ಮುಟ್ಟದೆ ತಂದ ಡಬ್ಬಿಯ ಊಟವನ್ನು ಇವತ್ತಾದರೂ ಅತ್ತೆಗೆ ಕಾಣದ ಹಾಗೆ ಪಾತ್ರೆಗೆ ಸುರಿಯಲು ಹೋದವಳು ಸುರಿಯಲಿಲ್ಲ. ನಿಂತುಕೊಂಡೇ ತಿಂದಳು. ರುಚಿ ಗೊತ್ತಾಗಲಿಲ್ಲ. ಆದರೂ ತಿಂದಳು.

ಹೇಳಬೇಕು ಅಂತ ಅವತ್ತೂ ಅನ್ನಿಸಿತು, ಮರುದಿನವೂ ಅನ್ನಿಸಿತು. ಎಲ್ಲಿಂದ ಶುರು ಮಾಡುವುದು? ನಿಮ್ಮ ಮಾತನ್ನೆಲ್ಲ ಕದ್ದು ಕೇಳಿಸಿಕೊಂಡೆ ಅಂತಲೇ? ಹೇಳದೆ ಉಳಿದ ಮಾತು ಹಳಸಿದ ಹಿಟ್ಟಿನ ಹಾಗೆ, ದಿನ ಕಳೆದಷ್ಟೂ ಕೈ ಹಾಕಲು ಹೇಸಿಗೆ. ಅದನ್ನು ಅಲ್ಲೇ ಬಿಟ್ಟಳು.

ಬಿಟ್ಟದ್ದನ್ನು ಲೀಡರ್ ಎತ್ತಿದ. ವಾರದ ಕೊನೆಯಲ್ಲಿ ಅವಳನ್ನು ಗಾಜಿನ ಕೋಣೆಗೆ ಕರೆದು ಕೂರಿಸಿದ. ಅವಳಿಗಿಂತ ಚಿಕ್ಕವನು, ಕೆಟ್ಟವನಲ್ಲ, ಮೇಲಿನವರಿಗೆ ಹೆದರುವವನು ಅಷ್ಟೇ.

“ನಿಮಗೆ ಒಂದು ಅಂಕ ಬಂದಿದೆ,” ಅಂದ. “ಐದಕ್ಕೆ ಒಂದು. ನಿಮಗೆ ಇದೇ ಮೊದಲು. ಒಂದು ಬಂದ್ರೆ ಆ ಕಾಲ್ ಕೇಳಲೇಬೇಕು, ನಿಯಮ.”

ಪ್ರತಿ ಕರೆ ಮುಗಿದ ಮೇಲೆ ಒಂದು ಯಂತ್ರದ ದನಿ ಗಿರಾಕಿಗಳಿಂದ ಅಂಕ ಕೇಳುತ್ತದೆ. ಒಂದರಿಂದ ಐದರವರೆಗೆ ಯಾವುದಾದರೂ ಗುಂಡಿ ಒತ್ತಬೇಕು. ಐದು ಅಂದರೆ ಬಹಳ ಚೆನ್ನಾಗಿತ್ತು, ಒಂದು ಅಂದರೆ ಏನೇನೂ ಚೆನ್ನಾಗಿರಲಿಲ್ಲ.

ಲೀಡರ್ ಕರೆಯನ್ನು ಸ್ಪೀಕರಿನಲ್ಲಿ ಹಾಕಿದ. ಗಾಜಿನ ಕೋಣೆಯ ತುಂಬ ಅತ್ತೆ ಮಾತಾಡಿದರು. ಪಕ್ಕದ ಮನೆಯಲ್ಲಿ ಪಿಸುಗುಟ್ಟಿದ ಹಾಗೆ. ತೀರಿಕೊಂಡ. ಅವಳಿಗೆ ಹೇಳಿಲ್ಲ ನಾನು. ಅವಳು ಮೇಜಿನ ಅಂಚನ್ನು ನೋಡುತ್ತಿದ್ದಳು. ತನ್ನ ದನಿಯನ್ನು ಕೇಳಿ ಅವಳಿಗೇ ಇದ್ಯಾರು ಅನ್ನಿಸಿತು. ಎಷ್ಟು ಸಮಾಧಾನ, ಎಷ್ಟು ಅಕ್ಕರೆ. ಮನೆಗೆ ಹೋಗುವಾಗ ಆ ದನಿಯನ್ನು ಹೆಡ್‌ಫೋನಿನ ಜೊತೆ ಗೂಟಕ್ಕೆ ನೇತುಹಾಕಿ ಹೋಗುತ್ತಿದ್ದಳೇನೋ. ಜಾಹೀರಾತು ಅಬ್ಬರಿಸಿದಾಗ ಲೀಡರ್ ಬೆಚ್ಚಿ ಸ್ಪೀಕರ್ ಇಳಿಸಿದ.

“ಟೀವಿ ಸೌಂಡ್ ಮೊದಲು ಇಳಿಸಲು ಹೇಳಿಲ್ಲ. ಅದೊಂದೇ ತಪ್ಪು,” ಅಂದ. “ಆದ್ರೆ ಆಯಮ್ಮ ಕೋಪ ಮಾಡ್ಕೊಂಡಿಲ್ಲ, ನಕ್ಕಿದಾರೆ. ಊಟ ಆಯ್ತಾ ಅಂತ ಬೇರೆ ಕೇಳಿದಾರೆ. ಒಂದು ಯಾಕೆ ಒತ್ತಿದ್ರು ಅರ್ಥ ಆಗ್ತಿಲ್ಲ. ನಿಮಗೇನಾದ್ರೂ ಗೊತ್ತಾಗುತ್ತಾ?”

“ಅವರು ನಮ್ಮತ್ತೆ,” ಅಂದಳು.

ಲೀಡರ್ ಪರದೆಯನ್ನು ನೋಡಿದ, ಅವಳನ್ನು ನೋಡಿದ. ಅಲ್ಲಿದ್ದ ಹೆಸರನ್ನು ಇನ್ನೊಂದು ಸಲ ಓದಿದ. ಇಂಥದಕ್ಕೆ ಆಫೀಸಿನವರು ಏನನ್ನೂ ಕಲಿಸಿರಲಿಲ್ಲ.

“ರಜೆ ಬೇಕಾ?” ಅಂದ ಕೊನೆಗೆ.

“ಬೇಡ.”

“ಆ ಒಂದನ್ನ ಅಳಿಸೋಕೆ ಬರಲ್ಲ. ನನ್ನ ಕೈಲಿಲ್ಲ ಅದು.”

“ಇರಲಿ ಬಿಡಿ.”

ಸಂಜೆ ಮನೆಗೆ ಹೋದಾಗ ಅತ್ತೆ ಧಾರಾವಾಹಿ ನೋಡುತ್ತಿದ್ದರು. ಅವಳು ಬ್ಯಾಗ್ ಇಳಿಸದೆ ಸೋಫಾದ ಇನ್ನೊಂದು ತುದಿಯಲ್ಲಿ ಕೂತಳು. ಜಾಹೀರಾತು ಬರುವ ತನಕ ಕಾದಳು.

“ಅತ್ತೆ, ಒಂದು ಯಾಕೆ ಒತ್ತಿದ್ರಿ?”

“ಏನು ಒಂದು?”

“ಟೀವಿ ಕಂಪನಿಗೆ ಫೋನ್ ಮಾಡಿದಾಗ. ಕೊನೇಲಿ ನಂಬರ್ ಒತ್ತೋಕೆ ಹೇಳ್ತಾರಲ್ಲ.”

“ಓ, ಅದಾ. ಒಂದರಿಂದ ಐದರ ಒಳಗೆ ಅಂದ್ರು. ಒಂದು ಅಂದ್ರೆ ಮೊದಲನೇ ದರ್ಜೆ ಅಲ್ವಾ? ಹುಡುಗಿ ಅಷ್ಟು ಚೆನ್ನಾಗಿ ಹೇಳಿದಾಳೆ, ಐದನೇ ದರ್ಜೆ ಕೊಡೋಕಾಗುತ್ತಾ ಅಂತ ಒಂದು ಒತ್ತಿದೆ.” ಹೇಳುತ್ತ ಹೇಳುತ್ತ ಅತ್ತೆಯ ಮಾತು ನಿಧಾನವಾಯಿತು. ಗಿಡ್ಡ ರಿಮೋಟ್ ಎತ್ತಿ ಸದ್ದು ಇಳಿಸಿದರು. “ನಿನಗೆ ಹೇಗೆ ಗೊತ್ತು?”

“ಅದು ನಾನೇ.”

ಟೀವಿಯಲ್ಲಿ ಯಾರೋ ಪಾತ್ರೆ ತೊಳೆಯುತ್ತ ನಗುತ್ತಿದ್ದರು. ಅತ್ತೆ ರಿಮೋಟನ್ನು ಮೇಜಿನ ಮೇಲಿಟ್ಟರು.

“ನಿನ್ನ ದನಿ ಅಂತ ಗೊತ್ತೇ ಆಗಲಿಲ್ಲ ನಂಗೆ,” ಅಂದರು. “ಒಂದೇ ಮನೇಲಿದ್ದು ಗೊತ್ತಾಗಲಿಲ್ಲ. ಅಷ್ಟು ಮಾತಾಡ್ತೀಯಾ ನೀನು?”

“ಅಲ್ಲಿ ಮಾತಾಡಲೇಬೇಕು.”

“ನಾನು ಏನೇನೋ ಹೇಳಿದೆ.”

“ಕೆಟ್ಟದ್ದೇನೂ ಹೇಳಲಿಲ್ಲ.”

“ನೀನು ಒಂದು ಮಾತು ಅಂದೆ. ಕೇಳಿ ಬೇಸರ ಆಯ್ತು ಅಂತ.” ಅತ್ತೆ ಅವಳ ಕಡೆ ತಿರುಗಲಿಲ್ಲ. “ಅದು ಆಫೀಸಿನ ಮಾತಾ?”

ಸುಳ್ಳು ಹೇಳಬಹುದಿತ್ತು. “ಹೂಂ, ಆಫೀಸಿನದೇ,” ಅಂದಳು. “ಬೇರೆ ಮಾತು ನಂಗೆ ಬರಲಿಲ್ಲ ಅತ್ತೆ. ಈಗಲೂ ಬರ್ತಿಲ್ಲ. ಅಳು ಕೂಡ ಬರ್ತಿಲ್ಲ. ಯಾಕೋ ಗೊತ್ತಿಲ್ಲ.”

“ನಂಗೂ ಗೊತ್ತಿಲ್ಲ,” ಅಂದರು ಅತ್ತೆ. “ನಾನು ಅತ್ತೂ ಅತ್ತೂ ಏನು ಹಗುರಾದೆ.”

ಆಮೇಲೆ ಸೌಂಡ್ ಇಳಿಸಿದ್ದು ಯಾರು, ಯಾವಾಗ ಅನ್ನುವುದನ್ನೂ ಅವಳು ಹೇಳಿದಳು. ಅತ್ತೆ, “ಆಗ ನಾನೂ ಅಲ್ಲೇ ಇದ್ದೆನಲ್ಲ, ನನಗೂ ಏನೂ ಕೇಳಿಸಿರಲಿಲ್ಲ,” ಅಂದರು, ಅಷ್ಟೇ. ಧಾರಾವಾಹಿ ಮತ್ತೆ ಶುರುವಾಯಿತು. ಇಬ್ಬರೂ ನೋಡಿದರು. ಕಥೆ ಏನೆಂದು ಇಬ್ಬರಿಗೂ ತಲೆಗೆ ಹೋಗಲಿಲ್ಲ.

ಇದರಿಂದ ಅವಳ ಬದುಕೇನೂ ತಲೆಕೆಳಗಾಗಲಿಲ್ಲ. ಆ ಒಂದು ಅಂಕ ಹಾಗೇ ಉಳಿಯಿತು. ಮುಂದಿನ ತಿಂಗಳು ಅವಳನ್ನು ಫ್ರಿಜ್ಜಿನ ಸಾಲಿಗೆ ಹಾಕಿದರು. ಕೆನ್ನೆಯ ಜೋಮು ಇಳಿಯಲಿಲ್ಲ. ಅದು ಇಳಿಯುವ ಜೋಮೋ ಅಲ್ಲವೋ ಅಂತ ಅವಳು ಯೋಚಿಸುವುದನ್ನೂ ಬಿಟ್ಟಿದ್ದಳು. ಆದರೆ ಮನೆಯಲ್ಲಿ ಒಂದು ರೂಢಿ ಹತ್ತಿಕೊಂಡಿತು. ಅವಳು ಬಂದು ಕೈಕಾಲು ತೊಳೆದು ಕೂತರೆ ಅತ್ತೆ ಟೀ ತಂದಿಟ್ಟು, “ಇವತ್ತು ಯಾರ್ಯಾರು ಬೈದ್ರು?” ಅಂತ ಕೇಳುತ್ತಿದ್ದರು. ಅವಳು ಪತ್ರಿಕೆ ಓದಿದ ಹಾಗೆ, ಏರಿಳಿತವಿಲ್ಲದೆ, ಹೇಳುತ್ತಿದ್ದಳು. ಅನುಕರಣೆ ಅವಳಿಗೆ ಈಗ ಬರುತ್ತಿರಲಿಲ್ಲ. ಅದನ್ನು ಅತ್ತೆಯೇ ಮಾಡುತ್ತಿದ್ದರು. ಕೋಪದ ಗಂಡಸರ ದನಿ ಅವರಿಗೆ ಚೆನ್ನಾಗಿ ಬರುತ್ತಿತ್ತು.

ಒಂದು ಸಂಜೆ ಅವಳು ಹೇಳಿದಳು: “ಒಬ್ಬರು ಫೋನ್ ಮಾಡಿ, ಫ್ರಿಜ್ ಬಾಗಿಲು ಮುಚ್ಚಿದ ಮೇಲೆ ಒಳಗಿನ ಲೈಟ್ ನಿಜವಾಗಲೂ ಆರುತ್ತಾ, ನೀವು ನೋಡಿದೀರಾ ಅಂತ ಅರ್ಧ ಗಂಟೆ ವಾದ ಮಾಡಿದ್ರು.”

ಅತ್ತೆ ನಗುತ್ತಾರೆ ಅಂದುಕೊಂಡಿದ್ದಳು. ಅತ್ತೆ ನಗಲಿಲ್ಲ. “ಅವರು ಕೇಳಿದ್ದು ಸರಿಯಾಗೇ ಇದೆ,” ಅಂತ ಎದ್ದು ಅಡುಗೆಮನೆಗೆ ಹೋದರು. ಫ್ರಿಜ್ಜಿನ ಬಾಗಿಲನ್ನು ಕೂದಲೆಳೆಯಷ್ಟು ತೆರೆದು ಒಂದು ಕಣ್ಣಿಟ್ಟು ನೋಡಿದರು. ಮುಚ್ಚಿದರು. ಸದ್ದಾಗದ ಹಾಗೆ, ಕಳ್ಳನನ್ನು ಹಿಡಿಯುವವರ ಹಾಗೆ, ಮತ್ತೆ ತೆರೆದರು. ಅವಳು ಲೋಟ ಕೆಳಗಿಟ್ಟು ಎದ್ದು ಹೋದಳು. ಬಾಗಿಲ ಚೌಕಟ್ಟಿನಲ್ಲಿದ್ದ ಪುಟ್ಟ ಬಿಳಿ ಗುಂಡಿಯನ್ನು ತೋರಿಸಿದಳು. ಅತ್ತೆ ಅದನ್ನು ಬೆರಳಿಂದ ಒತ್ತಿದರು, ಲೈಟ್ ಆರಿತು. ಬಿಟ್ಟರು, ಹತ್ತಿತು. ಇನ್ನೊಂದು ಸಲ ಒತ್ತಿದರು.

“ಹಾಲು ಕೆಡುತ್ತೆ ಅತ್ತೆ,” ಅಂದಳು ಅವಳು. “ಬಾಗಿಲು ಹಾಕಿ.”